ಮೂರು ಮೇಣದಬತ್ತಿಗಳ ಪ್ರಶ್ನೆ

ನಮ್ಮ ವಿಜ್ಞಾನ ಶಿಕ್ಷಕರ ಸಂಘಕ್ಕೆ ನೀಲಿ ರಟ್ಟಿನ ಒಂದು ಪುಸ್ತಕವಿದೆ. ಪ್ರತಿವರ್ಷ ಬೇಸಿಗೆ ರಜೆಯ ಕೊನೆಯಲ್ಲಿ ನಾವು ಆದಿ ಉಡುಪಿಯ ಒಂದು ಕೋಣೆಯಲ್ಲಿ ಸೇರುತ್ತೇವೆ. ಬರಲಿರುವ ವರ್ಷದ ಕಾರ್ಯಕ್ರಮಗಳನ್ನು ಆ ಪುಸ್ತಕದಲ್ಲಿ ಬರೆದಿಡುತ್ತೇವೆ. ಕಾರ್ಯದರ್ಶಿಯಾದ ನನ್ನದು ಬರೆಯುವ ಕೆಲಸ. ನಿಜ ಹೇಳಬೇಕೆಂದರೆ ಅದು ಬರೆಯುವ ಕೆಲಸವಲ್ಲ, ಹಿಂದಿನ ಪುಟ ನೋಡಿ ನಕಲು ಮಾಡುವ ಕೆಲಸ. ಜೂನ್‌ನಲ್ಲಿ ಉದ್ಘಾಟನೆ. ಜುಲೈಯಲ್ಲಿ ಬಾಹ್ಯಾಕಾಶದ ಕುರಿತು ಉಪನ್ಯಾಸ. ದಸರಾ ರಜೆಗೆ ಮುಂಚೆ ಪ್ರಶ್ನೆಪತ್ರಿಕೆ ಕಾರ್ಯಾಗಾರ. ಫೆಬ್ರವರಿ 28ಕ್ಕೆ ರಾಷ್ಟ್ರೀಯ ವಿಜ್ಞಾನ ದಿನ. ಮಾರ್ಚ್‌ನಲ್ಲಿ ನಿವೃತ್ತರಿಗೆ ಸನ್ಮಾನ, ಶಾಲು, ಹಾರ, ಹಣ್ಣಿನ ಬುಟ್ಟಿ. ನಮ್ಮ ಮಕ್ಕಳು ಪರೀಕ್ಷೆಯಲ್ಲಿ ನಕಲು ಮಾಡಿದರೆ ಹೊರಗೆ ಕಳುಹಿಸುವ ನಾವು ಈ ಕೆಲಸವನ್ನು ವರ್ಷ ವರ್ಷವೂ ನಿರಾತಂಕವಾಗಿ ಮಾಡುತ್ತ ಬಂದಿದ್ದೆವು.

ಈ ಸಲವೂ ಹಾಗೆಯೇ ಮುಗಿಯುವುದರಲ್ಲಿತ್ತು. ಚಹಾ ಬಂದಿತ್ತು. ಅಷ್ಟರಲ್ಲಿ ಕಾಪು ಕಡೆಯಿಂದ ಬರುವ ಕಿರಿಯ ಶಿಕ್ಷಕಿಯೊಬ್ಬರು ಎದ್ದು ನಿಂತರು.

"ಸರ್, ಕಳೆದ ವರ್ಷ ಆರು ಕಾರ್ಯಕ್ರಮ ಆಯಿತಲ್ಲ. ಅದರಲ್ಲಿ ಒಂದಾದರೂ ನಿಮ್ಮ ಕ್ಲಾಸಿಗೆ ಬಂದದ್ದುಂಟಾ?"

ಯಾರೂ ಮಾತಾಡಲಿಲ್ಲ. ಮೇಲೆ ತಿರುಗುತ್ತಿದ್ದ ಫ್ಯಾನಿನ ಸದ್ದು ಮಾತ್ರ. ಕೊನೆಗೆ ಹಿರಿಯರೊಬ್ಬರು, "ಊಟ ಒಳ್ಳೇದಿತ್ತಲ್ಲ ಟೀಚರ್" ಎಂದರು. ಎಲ್ಲರೂ ನಕ್ಕೆವು. ಅವರು ನಗಲಿಲ್ಲ.

ಅವರ ಪ್ರಶ್ನೆ ನನಗೆ ಹೊಸತಲ್ಲ. ನನ್ನ ಭಾವ ಅದನ್ನು ಬೇರೆ ಮಾತಿನಲ್ಲಿ ಎಷ್ಟೋ ಸಲ ಕೇಳಿದ್ದರು. ಭಾವ ಸಿಂಡಿಕೇಟ್ ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. 1925ರಲ್ಲಿ ನಮ್ಮ ಉಡುಪಿಯಲ್ಲೇ ಹುಟ್ಟಿ, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಬ್ಯಾಂಕು ಅದು. ಕೆಲವು ವರ್ಷ ಅವರು ಮಣಿಪಾಲದಲ್ಲಿ ಹೊಸ ನೌಕರರಿಗೆ ತರಬೇತಿ ಕೊಡುವ ವಿಭಾಗದಲ್ಲಿದ್ದರು. ಕೆಲಸದಲ್ಲಿರುವವರಿಗೆ ಕಲಿಸುವುದೂ ಒಂದು ವೃತ್ತಿ, ಅದಕ್ಕೂ ಸಂಘಗಳಿವೆ ಎಂಬುದು ನನಗೆ ತಿಳಿದದ್ದು ಅವರಿಂದಲೇ. 1970ರಲ್ಲಿ ದೆಹಲಿಯಲ್ಲಿ ಸ್ಥಾಪನೆಯಾದ ಭಾರತೀಯ ತರಬೇತಿ ಮತ್ತು ಅಭಿವೃದ್ಧಿ ಸಂಘಕ್ಕೆ ಬೆಂಗಳೂರೂ ಸೇರಿ ಹಲವು ನಗರಗಳಲ್ಲಿ ಶಾಖೆಗಳಿವೆ. ಆ ಶಾಖೆಗಳೂ ನಮ್ಮಂತೆಯೇ ವರ್ಷದ ಯೋಜನೆ ಹಾಕಿಕೊಳ್ಳುತ್ತವೆ.

ಭಾವ ಹೇಳುತ್ತಿದ್ದರು: "ನಿಮ್ಮ ಪಟ್ಟಿ ಚೆನ್ನಾಗಿದೆ. ಆದರೆ ಆಮೇಲೆ ಏನಾಯಿತು ಅಂತ ನೋಡುವವರು ಯಾರು?" ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಎಂಬ ಪ್ರಾಧ್ಯಾಪಕ 1959ರಲ್ಲಿ ಅಲ್ಲಿಯ ತರಬೇತುದಾರರ ಸಂಘದ ಪತ್ರಿಕೆಯಲ್ಲಿ ಬರೆದದ್ದನ್ನು ಅವರು ವಿವರಿಸಿದ್ದುಂಟು. ಒಂದು ತರಬೇತಿಯ ಫಲವನ್ನು ನಾಲ್ಕು ಮೆಟ್ಟಿಲುಗಳಲ್ಲಿ ನೋಡಬೇಕಂತೆ. ಬಂದವರಿಗೆ ಅದು ಹಿಡಿಸಿತೇ? ಅವರು ಏನಾದರೂ ಕಲಿತರೇ? ಕಲಿತದ್ದನ್ನು ಕೆಲಸದಲ್ಲಿ ಮಾಡಿದರೇ? ಅದರಿಂದ ಸಂಸ್ಥೆಗೆ ಪ್ರಯೋಜನವಾಯಿತೇ? ನಮ್ಮ ಸಂಘ ಮೊದಲ ಮೆಟ್ಟಿಲಲ್ಲೇ ಕೂತು ಊಟ ಮಾಡಿ ಮನೆಗೆ ಹೋಗುತ್ತಿತ್ತು.

ಇದಕ್ಕೆ ಅಮೆರಿಕದವರೆಗೆ ಹೋಗಬೇಕಾಗಿಯೂ ಇಲ್ಲ. ನಮ್ಮ ನೆರೆಯ ಉಜಿರೆಯಲ್ಲಿ ಧರ್ಮಸ್ಥಳ ಮತ್ತು ಸಿಂಡಿಕೇಟ್, ಕೆನರಾ ಬ್ಯಾಂಕುಗಳು ಕೂಡಿ 1982ರಲ್ಲಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆಯನ್ನು ನೋಡಿ. ನಿರುದ್ಯೋಗಿ ಯುವಕರಿಗೆ ಅಲ್ಲಿ ಕೊಡುವ ತರಬೇತಿ ಕೆಲವು ವಾರಗಳದ್ದು. ಆದರೆ ಕಲಿತು ಹೋದವರ ಬೆನ್ನ ಹಿಂದೆ ಎರಡು ವರ್ಷ ನಿಂತು, ಅಂಗಡಿ ತೆರೆದರೇ, ಸಾಲ ಸಿಕ್ಕಿತೇ, ಎಲ್ಲಿ ಎಡವಿದರು ಎಂದು ವಿಚಾರಿಸುವ ಕ್ರಮವಿದೆ. ಅದೇ ಮಾದರಿಯಲ್ಲಿ ಆಮೇಲೆ ಕೇಂದ್ರ ಸರಕಾರ ಜಿಲ್ಲೆಗೊಂದರಂತೆ ಸಂಸ್ಥೆಗಳನ್ನು ತೆರೆಯಲು ಹೊರಟಿತು. ಮೊಬೈಲ್ ರಿಪೇರಿ ಕಲಿತ ಹುಡುಗನ ಹಿಂದೆ ಎರಡು ವರ್ಷ ನಿಲ್ಲುವವರಿದ್ದಾರೆ. ತರಬೇತಿ ಮುಗಿಸಿ ಬಂದ ಮೇಷ್ಟರ ಹಿಂದೆ ಎರಡು ದಿನ ನಿಲ್ಲುವವರಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಂತೂ ಪ್ರತಿ ಶಿಕ್ಷಕನೂ ವರ್ಷಕ್ಕೆ 50 ಗಂಟೆ ವೃತ್ತಿ ಸಂಬಂಧದ ಕಲಿಕೆಯಲ್ಲಿ ತೊಡಗಬೇಕೆನ್ನುತ್ತದೆ. ಗಂಟೆಗಳನ್ನು ಎಣಿಸುವುದು ಸುಲಭ. ಆ ಗಂಟೆಗಳು ತರಗತಿಗೆ ತಲುಪಿದವೇ ಎಂದು ಎಣಿಸುವುದು ಹೇಗೆ?

ಆ ಶಿಕ್ಷಕಿ ನಿಂತೇ ಇದ್ದರು. ನನಗೆ ಹದಿನೈದು ವರ್ಷಕ್ಕೂ ಮೀರಿ ಯಾರಿಗೂ ಹೇಳದೆ ಇಟ್ಟುಕೊಂಡ ಒಂದು ಸಂಗತಿ ನೆನಪಾಯಿತು. ಪೆನ್ನು ಕೆಳಗಿಟ್ಟು ನಾನೂ ಎದ್ದು ನಿಂತೆ.

ನಾನು ಬಿ.ಎಸ್ಸಿ., ಬಿ.ಎಡ್. ಮುಗಿಸಿ 1995ರಲ್ಲಿ ಹೈಸ್ಕೂಲಿಗೆ ಸೇರಿದವನು. ಮಕ್ಕಳಿಗೆ ಗಾಳಿಯ ಪಾಠ ಮಾಡುವಾಗ ಒಂದು ಪ್ರಯೋಗ ಮಾಡಿ ತೋರಿಸುತ್ತಿದ್ದೆ. ತಟ್ಟೆಯಲ್ಲಿ ನೀರು, ನಡುವೆ ಉರಿಯುವ ಮೇಣದಬತ್ತಿ, ಅದರ ಮೇಲೆ ಗಾಜಿನ ಲೋಟವನ್ನು ಬೋರಲು ಹಾಕುವುದು. ಬತ್ತಿ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. "ನೋಡಿ, ಆಮ್ಲಜನಕ ಉರಿದು ಹೋಯಿತು. ಅದರ ಜಾಗಕ್ಕೆ ನೀರು ಬಂತು. ಗಾಳಿಯ ಐದನೇ ಒಂದು ಪಾಲು ಆಮ್ಲಜನಕ" ಎನ್ನುತ್ತಿದ್ದೆ. ನನ್ನ ಮೇಷ್ಟರು ನನಗೆ ಹೀಗೆಯೇ ಹೇಳಿಕೊಟ್ಟಿದ್ದರು.

1999ರಲ್ಲಿ ಎಂಟನೇ ತರಗತಿಯ ಒಬ್ಬ ಹುಡುಗ ಮಾರನೆಯ ದಿನ ಕೈ ಎತ್ತಿದ. "ಸರ್, ನಾನು ಮನೆಯಲ್ಲಿ ಮೂರು ಕ್ಯಾಂಡಲ್ ಇಟ್ಟು ಮಾಡಿದೆ. ನೀರು ಜಾಸ್ತಿ ಮೇಲೆ ಬಂತು. ಮೂರು ಇಟ್ಟರೆ ಆಮ್ಲಜನಕ ಜಾಸ್ತಿ ಆಗ್ತದಾ?"

ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ಧೈರ್ಯವೂ ಇರಲಿಲ್ಲ. "ಅಧಿಕಪ್ರಸಂಗ ಬೇಡ, ಕೂತ್ಕೋ. ಪರೀಕ್ಷೆಗೆ ಪುಸ್ತಕದಲ್ಲಿದ್ದದ್ದನ್ನು ಬರೆ" ಎಂದೆ. ತರಗತಿ ನಕ್ಕಿತು. ಅವನು ಕೂತ.

2011ರಲ್ಲಿ ಒಂದು ತರಬೇತಿಯಲ್ಲಿ ಕಾರ್ಕಳದ ಕಡೆಯ ಸಹೋದ್ಯೋಗಿಯೊಬ್ಬರು ಅದೇ ತಟ್ಟೆಯಲ್ಲಿ ಮೊದಲು ಒಂದು, ಆಮೇಲೆ ಎರಡು, ಆಮೇಲೆ ಮೂರು ಬತ್ತಿ ಹಚ್ಚಿ ತೋರಿಸಿದರು. ಲೋಟ ಅದೇ, ಅದರೊಳಗಿನ ಗಾಳಿಯೂ ಅಷ್ಟೇ. ಆದರೂ ನೀರು ಪ್ರತಿ ಸಲ ಮೊದಲಿಗಿಂತ ಮೇಲೇರಿತು. ಕಾರಣ ಸರಳ. ಜ್ವಾಲೆಯ ಸುತ್ತಲಿನ ಗಾಳಿ ಕಾದು ಹಿಗ್ಗುತ್ತದೆ, ಸ್ವಲ್ಪ ಹೊರಹೋಗುತ್ತದೆ. ಬತ್ತಿ ಆರಿದೊಡನೆ ಒಳಗಿನ ಗಾಳಿ ತಣಿದು ಕುಗ್ಗುತ್ತದೆ. ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಗೆ ತಳ್ಳುತ್ತದೆ. ಬತ್ತಿ ಹೆಚ್ಚಿದಷ್ಟೂ ಶಾಖ ಹೆಚ್ಚು. ಗಮನವಿಟ್ಟು ನೋಡಿದರೆ ನೀರು ಭರದಿಂದ ಏರುವುದು ಬತ್ತಿ ಉರಿಯುವಾಗ ಅಲ್ಲ, ಆರಿದ ಮೇಲೆ. ಜೊತೆಗೆ, ಆಮ್ಲಜನಕ ಪೂರ್ತಿ ಮುಗಿಯುವುದೂ ಇಲ್ಲ. ಶೇ. 21ರಷ್ಟಿರುವುದು ಶೇ. 16ರ ಆಸುಪಾಸಿಗೆ ಇಳಿಯುವಾಗಲೇ ಮೇಣದಬತ್ತಿ ಆರಿಬಿಡುತ್ತದೆ. ಹದಿನಾರು ವರ್ಷ ಕಣ್ಣೆದುರೇ ನಡೆದದ್ದನ್ನು ನಾನು ನೋಡಿರಲಿಲ್ಲ. ಎಂಟನೇ ತರಗತಿಯ ಹುಡುಗ ಒಂದೇ ಸಂಜೆಯಲ್ಲಿ ನೋಡಿದ್ದ.

ಅಂದು ನಾನು ಮಾಡಿದ್ದೇನು? ಸದ್ದಿಲ್ಲದೆ ಶಾಲೆಗೆ ಮರಳಿ, ಸದ್ದಿಲ್ಲದೆ ಪಾಠ ತಿದ್ದಿಕೊಂಡೆ. ಹಳೆಯ ವಿದ್ಯಾರ್ಥಿಗಳಿಗೆ ಹೇಳಲಿಲ್ಲ. ಪಕ್ಕದ ತರಗತಿಯ ಮೇಷ್ಟರಿಗೂ ಹೇಳಲಿಲ್ಲ. ಅವರು ಅದೇ ತಪ್ಪನ್ನು ಮಾಡುತ್ತಿದ್ದುದು ನನಗೆ ಗೊತ್ತಿತ್ತು. ಹೇಳಿದರೆ ನಾನೂ ತಪ್ಪಿದ್ದೆ ಎಂದು ಒಪ್ಪಬೇಕಾಗುತ್ತಿತ್ತಲ್ಲ.

ಇಷ್ಟನ್ನೂ ಸಭೆಯಲ್ಲಿ ಹೇಳಿ ಕುಳಿತೆ. "ಆರು ಕಾರ್ಯಕ್ರಮದಲ್ಲಿ ಒಂದೂ ತರಗತಿಗೆ ಬರಲಿಲ್ಲ ಟೀಚರ್. ನಾವು ಯಾರೂ ಗೊತ್ತಿಲ್ಲದ್ದನ್ನು ಅಲ್ಲಿಗೆ ತಂದಿರಲೇ ಇಲ್ಲ" ಎಂದೆ. ಹಿರಿಯರೊಬ್ಬರು ಆಮೇಲೆ ನನ್ನನ್ನು ಬದಿಗೆ ಕರೆದು, "ಇದನ್ನೆಲ್ಲ ಹೊರಗೆ ಹೇಳಬೇಡಿ ಮಾರಾಯ್ರೆ, ಪೋಷಕರು ಏನು ತಿಳಿದುಕೊಂಡಾರು?" ಎಂದರು. ಅವರ ಕಳಕಳಿ ಸುಳ್ಳಲ್ಲ. ಆದರೂ ಪೋಷಕರೇ ಓದುವ ಈ ಪುಟದಲ್ಲಿ ಬರೆಯುತ್ತಿದ್ದೇನೆ.

ಆ ದಿನ ನೀಲಿ ಪುಸ್ತಕದಲ್ಲಿ ಬೇರೆ ಪಟ್ಟಿ ಬರೆದೆವು. ವಿಜ್ಞಾನ ದಿನ, ಸನ್ಮಾನ ಹಾಗೆಯೇ ಉಳಿದವು. ಉಳಿದ ನಾಲ್ಕು ಸಭೆಗಳಲ್ಲಿ ಭಾಷಣವಿಲ್ಲ, ಬ್ಯಾನರ್ ಇಲ್ಲ. ಪ್ರತಿ ಸಭೆಗೆ ಇಬ್ಬರು, ತಾವು ಕಲಿಸಲು ತಿಣುಕುವ ಒಂದು ಪಾಠವನ್ನು ತಂದು ಮೇಜಿನ ಮೇಲೆ ಮಾಡಿ ತೋರಿಸಬೇಕು. ಅಲ್ಲಿ ತಿದ್ದಿಕೊಂಡದ್ದನ್ನು ಎರಡು ವಾರದೊಳಗೆ ತರಗತಿಯಲ್ಲಿ ಮಾಡಬೇಕು. ಸಂಘದ ಇನ್ನೊಬ್ಬರು ಹಿಂದಿನ ಬೆಂಚಿನಲ್ಲಿ ಕೂತು ನೋಡಬೇಕು. ಮೊದಲ ಹೆಸರು ನನ್ನದೇ ಬಂತು.

ಆಮ್ಲಜನಕ ಐದನೇ ಒಂದು ಪಾಲು ಎಂದು ತೋರಿಸಲು ಸರಿಯಾದ ದಾರಿ ಬೆಂಕಿಯಲ್ಲ, ತುಕ್ಕು. ಒದ್ದೆ ಮಾಡಿದ ಪ್ರನಾಳದೊಳಗೆ ಕಬ್ಬಿಣದ ಪುಡಿ ಉದುರಿಸಿ, ಒಳಗೋಡೆಗೆ ಅಂಟಿಸಿ, ನೀರಿನಲ್ಲಿ ಬೋರಲು ನಿಲ್ಲಿಸಬೇಕು. ಕಬ್ಬಿಣ ನಿಧಾನವಾಗಿ ಆಮ್ಲಜನಕವನ್ನು ಹೀರಿ ತುಕ್ಕಾಗುತ್ತದೆ. ಕೆಲವು ದಿನಗಳಲ್ಲಿ ನೀರು ಸುಮಾರು ಐದನೇ ಒಂದು ಪಾಲು ಏರಿ ನಿಲ್ಲುತ್ತದೆ. ಶಾಖದ ಗೊಂದಲ ಇಲ್ಲ. ನಮ್ಮ ಕರಾವಳಿಯಲ್ಲಿ ಕಬ್ಬಿಣಕ್ಕೆ ತುಕ್ಕು ಹಿಡಿಸಲು ಯಾರೂ ಕಷ್ಟಪಡಬೇಕಾಗಿಲ್ಲ ಎಂದುಕೊಂಡು, ಮಲ್ಪೆ ರಸ್ತೆಯ ಒಂದು ವರ್ಕ್‌ಶಾಪಿನಿಂದ ಲೇತ್ ಯಂತ್ರದ ಕೆಳಗೆ ಬಿದ್ದಿದ್ದ ಪುಡಿಯನ್ನು ಕಾಗದದಲ್ಲಿ ಕಟ್ಟಿಸಿಕೊಂಡು ಬಂದೆ. ಸಭೆಗೆ ನಾಲ್ಕು ದಿನ ಮೊದಲೇ ಪ್ರನಾಳ ನಿಲ್ಲಿಸಿದೆ. ಹನ್ನೊಂದು ಮಂದಿ ಮಳೆಯಲ್ಲಿ ನೆನೆಯುತ್ತ ಬಂದು ನೋಡಿದರು. ನೀರು ಒಂದು ಕೂದಲೆಳೆಯಷ್ಟೂ ಏರಿರಲಿಲ್ಲ.

ಯಾರೂ ನಗಲಿಲ್ಲ. ಎಲ್ಲರೂ ಪ್ರನಾಳದ ಸುತ್ತ ತಲೆ ಹಾಕಿ ಕಾರಣ ಹುಡುಕಿದರು. ಸಂಘದ ಸಭೆಯಲ್ಲಿ ಅಷ್ಟು ಹೊತ್ತು ವಿಜ್ಞಾನ ಮಾತಾಡಿದ್ದು ನನಗೆ ನೆನಪಿಲ್ಲ. ಕಾರಣ ಮಾತ್ರ ಸಿಗಲಿಲ್ಲ.

ಮರುದಿನ ಮತ್ತೆ ಆ ವರ್ಕ್‌ಶಾಪಿಗೆ ಹೋದೆ. ಜೂನ್, ಜುಲೈಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟುಗಳ ರಿಪೇರಿಯ ಕಾಲ. ಹೋದ ಸಲ ಪುಡಿ ಕೊಟ್ಟವನು ಕೆಲಸದ ಹುಡುಗ. ಈ ಸಲ ಯಜಮಾನನೇ ಇದ್ದ. ಕೈ ಒರೆಸಿಕೊಂಡು, "ಸರ್, ನೀವಾ?" ಎಂದ. ಮೂರು ಮೇಣದಬತ್ತಿಯ ಹುಡುಗ. ತಲೆಯಲ್ಲಿ ಅಲ್ಲಲ್ಲಿ ನರೆ.

ನಾನು ಪುಡಿಯ ವಿಷಯ ಹೇಳಿದೆ. ಅವನು ಚಿಟಿಕೆ ತೆಗೆದು ಬೆರಳಲ್ಲಿ ಉಜ್ಜಿ, "ಇದರಲ್ಲಿ ಎಣ್ಣೆ ಉಂಟಲ್ಲ ಸರ್. ಲೇತ್‌ಗೆ ಎಣ್ಣೆ ಬಿಡ್ತೇವೆ. ಎಣ್ಣೆ ಹತ್ತಿದ ಕಬ್ಬಿಣಕ್ಕೆ ತುಕ್ಕು ಹಿಡಿಯುವುದಿಲ್ಲ. ಸೋಪು ಹಾಕಿ ತೊಳೀಬೇಕು" ಎಂದ. ಪಕ್ಕದ ಹುಡುಗನನ್ನು ಕರೆದು ತಾನೇ ಒಮ್ಮೆ ತೊಳೆದು ತೋರಿಸಿದ, ಆಮೇಲೆ ಅವನ ಕೈಗೆ ಕೊಟ್ಟು ಪಕ್ಕದಲ್ಲಿ ನಿಂತು ನೋಡಿದ. ಅವನು ಯಾವ ಬಿ.ಎಡ್. ಓದಿದವನೂ ಅಲ್ಲ.

ನಾನು 1999ರ ಮಾತೆತ್ತಿದೆ. ಅವತ್ತು ನೀನು ಕೇಳಿದ್ದು ಸರಿ, ನಾನು ಹೇಳಿದ್ದು ತಪ್ಪು ಎಂದೆ. ಅವನು ಸ್ವಲ್ಪ ಯೋಚಿಸಿ, "ನನಗೆ ನೆನಪೇ ಇಲ್ಲ ಸರ್" ಎಂದು ನಕ್ಕ. ಅದು ನಿಜವಿರಬಹುದು, ನನ್ನ ಸಮಾಧಾನಕ್ಕೆ ಹೇಳಿದ್ದೂ ಇರಬಹುದು. ಆದರೆ ನನಗೆ ನೆನಪಿದೆ: ಅವನು ಮುಂದಿನ ಎರಡೂವರೆ ವರ್ಷ ನನ್ನ ತರಗತಿಯಲ್ಲೇ ಇದ್ದ. ಮತ್ತೊಮ್ಮೆ ಕೈ ಎತ್ತಲಿಲ್ಲ.

ಮಕ್ಕಳೇ, ನಿಮ್ಮ ಪ್ರಯೋಗ ಪುಸ್ತಕದಂತೆ ಬರದಿದ್ದರೆ ಬಂದದ್ದನ್ನೇ ಬರೆದಿಡಿ, ಮೇಷ್ಟರನ್ನು ಕೇಳಿ. ಪೋಷಕರೇ, ಶಾಲೆಯ ಸಭೆಗೆ ಬಂದಾಗ ನೀವು ಮಗುವಿನ ಅಂಕ ಕೇಳುತ್ತೀರಿ. ಜೊತೆಗೆ ನಮ್ಮನ್ನೂ ಒಂದು ಮಾತು ಕೇಳಿ, "ಈ ವರ್ಷ ನೀವು ಏನು ಹೊಸತು ಕಲಿತಿರಿ?" ಎಂದು. ನಮಗೆ ಮುಜುಗರವಾದೀತು. ಆಗಲಿ.

ತೊಳೆದ ಪುಡಿ ಹಾಕಿದ ಪ್ರನಾಳ ಈಗ ನಮ್ಮ ಪ್ರಯೋಗಾಲಯದ ಕಿಟಕಿಯ ಬಳಿ ಇದೆ. ಐದನೇ ಒಂದು ಪಾಲಿನ ಗುರುತಿಗೆ ಎಂಟನೇ ತರಗತಿಯವರು ಕೆಂಪು ನೂಲು ಕಟ್ಟಿದ್ದರು. ನಾಲ್ಕನೇ ದಿನ ನೀರು ಆ ನೂಲನ್ನು ಮುಟ್ಟಿತು. ಹಿಂದಿನ ಬೆಂಚಿನಲ್ಲಿ ಕಾಪುವಿನ ಟೀಚರ್ ಕೂತಿದ್ದರು. ಒಬ್ಬಳು ಹುಡುಗಿ ಕೈ ಎತ್ತಿ, "ಸರ್, ಪುಡಿ ಜಾಸ್ತಿ ಹಾಕಿದರೆ ಇನ್ನೂ ಮೇಲೆ ಬರ್ತದಾ?" ಎಂದಳು.

"ಗೊತ್ತಿಲ್ಲ, ಹಾಕಿ ನೋಡುವ" ಎಂದೆ. ನಿಜವಾಗಿ ನನಗೆ ಗೊತ್ತಿತ್ತು. ಆದರೆ ಇಪ್ಪತ್ತೈದು ವರ್ಷಕ್ಕೂ ಹಿಂದೆ ಹೇಳಬೇಕಾಗಿದ್ದ ಮಾತು ಅದು.