ಕೊಯ್ಲಿನ ಕಾಲದ ಹೊಟ್ಟೆನೋವು

ಹೊರನಾಡು, 14 ಡಿಸೆಂಬರ್ 2025, ಭಾನುವಾರ

ನಿನ್ನೆ ಮಂಗಳೂರಿನ ಆಸ್ಪತ್ರೆಯಿಂದ ಮನೆಗೆ ಬಂದೆ. ಇವರು ಎಷ್ಟೇ ನಿಧಾನ ಓಡಿಸಿದರೂ ಕುದುರೆಮುಖದ ತಿರುವುಗಳಲ್ಲಿ ಹೊಲಿಗೆ ಜಗ್ಗುತ್ತಿತ್ತು. ಹೊಕ್ಕುಳಲ್ಲೊಂದು, ಕಿಬ್ಬೊಟ್ಟೆಯಲ್ಲೆರಡು ತೂತು. ಅಷ್ಟರಲ್ಲೇ ಒಳಗೆ ನಿಂತಿದ್ದ ರಕ್ತ ಹೀರಿ, ಒಡೆದ ಗುಳ್ಳೆ ಬಿಡಿಸಿ, ಬಲಗಡೆಯ ಅಂಡಾಶಯ ಉಳಿಸಿಕೊಟ್ಟಿದ್ದಾರೆ.

ಗುಳ್ಳೆ ಒಡೆದ ರಾತ್ರಿ ಹೊಟ್ಟೆಯ ಜೊತೆಗೆ ಹೆಗಲ ತುದಿಯೂ ನೋಯುತ್ತಿತ್ತು. "ಗ್ಯಾಸ್ ಇರ್ಬೇಕು ಮಾರಾಯ್ತಿ" ಎಂದು ಅತ್ತೆ ಓಮದ ಕಷಾಯ ಕೊಟ್ಟರು. ಮೊದಲು ತೋರಿಸಿದಲ್ಲೂ ಗ್ಯಾಸಿನ ಇಂಜೆಕ್ಷನ್ನೇ. ಒಳಗೆ ಸುರಿದ ರಕ್ತ ವಪೆಗೆ ತಾಗಿದರೆ ನೋವು ಹೆಗಲಲ್ಲಿ ಕಾಣಿಸುತ್ತದೆಂದು ಗೊತ್ತಾದದ್ದು ಆಮೇಲೆ.

17 ಡಿಸೆಂಬರ್, ಬುಧವಾರ

ನೋಡಲು ಬಂದವರೆಲ್ಲ "ಇನ್ನು ಮಕ್ಕಳಾಗ್ತಾವಾ?" ಎಂದು ಕೇಳುತ್ತಾರೆ. ನನ್ನನ್ನಲ್ಲ, ಅತ್ತೆಯನ್ನು. ಅತ್ತೆ ನನ್ನ ಮುಖ ನೋಡುತ್ತಾರೆ.

ಡಾಕ್ಟರಮ್ಮ ಬಿಡಿಸಿ ಹೇಳಿದ್ದರು. ಅಂಡಾಣು ಹೊರಬಿದ್ದ ಜಾಗದಲ್ಲಿ ಪ್ರತಿ ತಿಂಗಳೂ ಏಳುವ ಗುಳ್ಳೆ ಕೆಲವೊಮ್ಮೆ ರಕ್ತ ತುಂಬಿ ಒಡೆಯುತ್ತದೆ. ಹೆಚ್ಚಿನವರಿಗೆ ವಿಶ್ರಾಂತಿಯಲ್ಲೇ ವಾಸಿ. ರಕ್ತ ನಿಲ್ಲದಿದ್ದರೆ ಆಪರೇಷನ್. ಬಲಗಡೆಯೇ ಹೆಚ್ಚು ಒಡೆಯುವುದರಿಂದ ಅಪೆಂಡಿಕ್ಸ್ ಅಂದುಕೊಳ್ಳುವವರೂ ಇದ್ದಾರೆ. ನಾಳದಲ್ಲಿ ಕಟ್ಟಿದ ಗರ್ಭ ಒಡೆದರೂ ಇದೇ ಲಕ್ಷಣ, ಅದಕ್ಕೇ ಮೊದಲು ಗರ್ಭದ ಪರೀಕ್ಷೆ ಮಾಡಿದ್ದು. ಒಂದೇ ಅಂಡಾಶಯವಿದ್ದರೂ ಮುಟ್ಟು, ಬಸಿರು ಎರಡೂ ಸಾಧ್ಯ. ನನಗಂತೂ ಎರಡು ಅಂಡಾಶಯಗಳೂ ಇವೆ. ಮುಂದಿನ ಸಲ ಯಾರಾದರೂ ಕೇಳಿದರೆ ನಾನೇ ಉತ್ತರ ಕೊಡುವುದು.

28 ಡಿಸೆಂಬರ್, ಭಾನುವಾರ

ಹೆಂಗಸರಿಗೆ 12 ಇರಬೇಕಾದ ಹಿಮೋಗ್ಲೋಬಿನ್ ನನಗೆ 8ಕ್ಕೆ ಇಳಿದಿತ್ತು. ಕಬ್ಬಿಣದ ಮಾತ್ರೆಯ ಹಿಂದೆಮುಂದೆ ಕಾಫಿ ಕುಡಿಯಬಾರದಂತೆ, ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಕಾಫಿ ಬೆಳೆಯುವ ಮನೆಯಲ್ಲಿ ಇದೆಂಥ ಪಥ್ಯ! ಮಾತ್ರೆಗೆ ನಿಂಬೆ ಪಾನಕ, ಎರಡು ಗಂಟೆ ಕಳೆದ ಮೇಲೆ ಕಾಫಿ. ಅತ್ತೆ ಬಾಣಂತಿಯ ಪಥ್ಯವನ್ನೂ ಸೇರಿಸಿ ಮೊಸರು ನಿಲ್ಲಿಸಿದ್ದರು. ಒಂದೆಲಗದ ತಂಬುಳಿಗೆ ಮಜ್ಜಿಗೆ ಬೇಕಲ್ಲ, ಆ ದಾರಿಯಲ್ಲಿ ಮೊಸರು ಒಳಗೆ ಬಂತು.

9 ಜನವರಿ 2026, ಶುಕ್ರವಾರ

ಭಾರ ಎತ್ತಬಾರದು, ನಡೆಯಬಹುದು. ತೋಟದ ತನಕ ಹೋದೆ. ಹಣ್ಣು ಕೊಯ್ಯುವ ಹುಡುಗಿಯೊಬ್ಬಳು ಚೀಲದ ಪಕ್ಕ ಮುದುಡಿ ಕೂತಿದ್ದಳು. "ಮುಟ್ಟಿನ ನೋವು ಅಕ್ಕ, ಪ್ರತಿ ತಿಂಗಳೂ ಹೀಗೇ" ಎಂದು ಎದ್ದಳು. ಎದ್ದ ರೀತಿ ನನಗೆ ಸರಿ ಕಾಣಲಿಲ್ಲ.

ನವೆಂಬರಿನಲ್ಲಿ ಸರ್ಕಾರ ತಿಂಗಳಿಗೊಂದು ದಿನ ಸಂಬಳ ಸಹಿತ ಮುಟ್ಟಿನ ರಜೆಯ ಆದೇಶ ಹೊರಡಿಸಿತು. ಪ್ಲಾಂಟೇಶನ್ ಕಾಯ್ದೆಗೆ ಸೇರಿದ ತೋಟಗಳೂ ಅದರಲ್ಲಿವೆ. ನಮ್ಮಂಥ ಸಣ್ಣ ತೋಟದಲ್ಲಿ ಕೂಲಿ ಕೆ.ಜಿ. ಲೆಕ್ಕ. ಕೊಯ್ಯದ ಹಣ್ಣಿಗೆ ತೂಕ ಹಾಕುವವರಾರು? ಇವರನ್ನು ಕೇಳಿದೆ. "ಎಲ್ಲ ತೋಟದವರೂ ಕೊಟ್ರೆ ನಾವೂ ಕೊಡುವ" ಎಂದರು. ನಾನು ಜಗಳಕ್ಕೇ ನಿಂತೆ. ಹೊಲಿಗೆ ನೋಯುತ್ತದೆಂದು ಅವರೇ ಸೋತರು.

ಸೋಮವಾರ ಆ ಹುಡುಗಿಯನ್ನು ಕೊಪ್ಪಕ್ಕೆ ಸ್ಕ್ಯಾನಿಂಗಿಗೆ ಕರೆದೊಯ್ಯುತ್ತೇನೆ. ಆ ದಿನದ ಕೂಲಿ ಕೊಡುತ್ತೇನೆಂದರೂ ಅವಳಿಗೆ ನಂಬಿಕೆಯಿಲ್ಲ. ಮೇಸ್ತ್ರಿಯ ಪುಸ್ತಕದಲ್ಲಿ ಮೊದಲೇ ಬರೆಸಿ ಎನ್ನುತ್ತಾಳೆ. ಬರೆಸಿದೆ.