ಜವ, ಜಾವಾ, ಜವರಾಯ

ನಮ್ಮೂರ ಕನ್ನಡ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು ‘ಸ್ಪೀಡ್’ ಅನ್ನುವುದಕ್ಕೆ ‘ಜವ’ ಅಂತ ಬರೆಸುತ್ತಿದ್ದರು. ವೇಗ ಬೇರೆ, ಜವ ಬೇರೆ. ವೇಗಕ್ಕೆ ದಿಕ್ಕು ಉಂಟು, ಜವಕ್ಕೆ ಇಲ್ಲ. ಎರಡು ಅಂಕದ ಪ್ರಶ್ನೆ, ತಪ್ಪದೆ ಬರುತ್ತಿತ್ತು. ಮುಂದಿನ ಪೀರಿಯಡ್ಡಿನಲ್ಲಿ ಕನ್ನಡ ಪಂಡಿತರು ಅದೇ ಶಬ್ದವನ್ನು ಹಲಗೆಯ ಮೇಲೆ ಬರೆದು ತತ್ಸಮ ಯಮ, ತದ್ಭವ ಜವ ಅನ್ನುತ್ತಿದ್ದರು. ಜವರಾಯ ಅಂದರೆ ಯಮರಾಯ. ಎರಡಕ್ಕೂ ಮೂಲ ಬೇರೆ. ಆದರೆ ಕನ್ನಡಕ್ಕೆ ಬಂದ ಮೇಲೆ ಮುಂಬಯಿಯ ಚಾಳಿನವರಂತೆ ಒಂದೇ ಖೋಲಿಯಲ್ಲಿ ಸಂಸಾರ ಹೂಡಿವೆ. 1961ರಲ್ಲಿ ಮೈಸೂರಿನ ಕಾರ್ಖಾನೆಯಿಂದ ‘ಜಾವಾ’ ಬೇರೆ ಬಂದು ಜೊತೆ ಸೇರಿತು. (ಅದು ಚೆಕ್ ಹೆಸರು, ಜಾನೆಚೆಕ್ ಮತ್ತು ವಾಂಡರರ್ ಎಂಬ ಎರಡು ಹೆಸರುಗಳ ತಲೆ ಸೇರಿಸಿ ಮಾಡಿದ್ದು. ಕಲಾ ವಿಭಾಗದ ಗೆಳೆಯರು ವ್ಯುತ್ಪತ್ತಿಯ ಜಗಳ ತೆಗೆಯಬಾರದೆಂದು ಮೊದಲೇ ಹೇಳಿಬಿಟ್ಟೆ.)

ಈ ಶಬ್ದಗಳು ಈಗ ದಿನಾ ನೆನಪಾಗುವುದಕ್ಕೆ ಕಾರಣ, ಕಾಲೇಜು ಮುಗಿಸಿ ಸಾಯಂಕಾಲ ನಾನು ಲೆಕ್ಕ ಬರೆಯುವ ಗ್ಯಾರೇಜು. ಅಲ್ಲಿಗೆ ಬರುವುದು ನಮ್ಮ ನಿಮ್ಮ ಮನೆಯ ಗಾಡಿಗಳಲ್ಲ. ಸಾವಿರ ಸಿ.ಸಿ., ಸಾವಿರದ ಮುನ್ನೂರು ಸಿ.ಸಿ.ಯ ದೊಡ್ಡ ಬೈಕುಗಳು. ಅವುಗಳ ಟಯರಿನ ಮೇಲೆ ಕಂಸದೊಳಗೆ ‘ಡಬ್ಲ್ಯೂ’ ಅಂತ ಒಂದು ಅಕ್ಷರ ಇರುತ್ತದೆ. ಗಂಟೆಗೆ 270 ಕಿಲೋಮೀಟರಿನ ಆಚೆಗೂ ತಾಳುವ ಟಯರು ಅಂತ ಅರ್ಥ. ಅದರ ಬಿಲ್ಲು ಬರೆದು ನಾನು ಲೋಕಲ್ ಗಾಡಿಯಲ್ಲಿ ಒಂಟಿಕಾಲಿನಲ್ಲಿ ನಿಂತು ಮನೆಗೆ ಹೋಗುತ್ತೇನೆ. ಇಷ್ಟೊಂದು ಜವ ಯಾರಿಗೆ ಬೇಕು, ಯಾತಕ್ಕೆ ಬೇಕು ಎಂಬ ಪ್ರಶ್ನೆ ಹುಟ್ಟಿದ್ದು ಅಲ್ಲಿಯೇ. ಬೈಯುವುದಕ್ಕಾಗಿ ಕೇಳಿದ ಪ್ರಶ್ನೆಯಲ್ಲ ಇದು. ಆ ಯಂತ್ರಗಳಲ್ಲೊಂದು ಚಾಲೂ ಆದರೆ ನನ್ನ ಕೈಯ ಪೆನ್ನೂ ನಿಲ್ಲುತ್ತದೆ.

ಆಸೆ ಹಳೆಯದು. 1948ರಲ್ಲಿ ಇಂಗ್ಲೆಂಡಿನ ವಿನ್ಸೆಂಟ್ ಕಂಪನಿ ‘ಬ್ಲ್ಯಾಕ್ ಶ್ಯಾಡೋ’ ಎಂಬ ಗಾಡಿ ತಂದಿತು. ರಸ್ತೆಯ ಗಾಡಿ, ಆದರೂ ಗಂಟೆಗೆ 125 ಮೈಲಿ, ಅಂದರೆ ಸುಮಾರು 200 ಕಿಲೋಮೀಟರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅಮೆರಿಕದ ಬಾನ್‌ವಿಲ್ ಉಪ್ಪಿನ ಬಯಲಿನಲ್ಲಿ ರೋಲಿ ಫ್ರೀ ಎಂಬಾತ ಇನ್ನಷ್ಟು ಹುರಿಗೊಳಿಸಿದ ಒಂದು ವಿನ್ಸೆಂಟ್ ಹತ್ತಿದ. 150 ಮೈಲಿ ಮುಟ್ಟಬೇಕು, ಸ್ವಲ್ಪದರಲ್ಲಿ ತಪ್ಪುತ್ತಿದೆ. ಮೈಮೇಲಿನ ಚರ್ಮದ ಅಂಗಿ ಗಾಳಿಗೆ ಹರಿದಿದೆ. ಆಸಾಮಿ ಅದನ್ನು ಕಿತ್ತೆಸೆದು ಬರೇ ಈಜುಚಡ್ಡಿಯಲ್ಲಿ, ಗಾಡಿಯ ಮೇಲೆ ಬೋರಲು ಮಲಗಿ, ಕಾಲುಗಳನ್ನು ಹಿಂದಕ್ಕೆ ಚಾಚಿ ಓಡಿಸಿದ. 150.313 ಮೈಲಿ. ಪಕ್ಕದಲ್ಲಿ ಓಡುತ್ತಿದ್ದ ಕಾರಿನಿಂದ ತೆಗೆದ ಆ ಚಿತ್ರ ನಮ್ಮ ಗ್ಯಾರೇಜಿನ ಗೋಡೆಯಲ್ಲೂ ಇದೆ, ಗಣಪತಿಯ ಕ್ಯಾಲೆಂಡರಿನ ಪಕ್ಕದಲ್ಲಿ. ಬಿದ್ದಿದ್ದರೆ ಉಪ್ಪಿನ ಮೇಲೆ ಚರ್ಮ ಏನಾಗುತ್ತಿತ್ತು ಎಂದು ಯೋಚಿಸಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಆದರೂ ಆ ಮನುಷ್ಯನ ಮೇಲೆ ಗೌರವ ಇದೆ. ಆತ ಯಾರಿಗೂ ಅಡ್ಡ ಬರಲಿಲ್ಲ, ಮೈಲಿಗಟ್ಟಲೆ ಖಾಲಿ ಬಯಲು, ಎದುರಿಗೆ ಒಂದು ಎಮ್ಮೆಯೂ ಇರಲಿಲ್ಲ.

ಅವನು ಅಂಗಿ ಬಿಚ್ಚಿದ್ದು ಹುಚ್ಚಿಗಲ್ಲ, ಲೆಕ್ಕಕ್ಕೆ. ಗಾಳಿ ಅನ್ನುವುದು ಭಯಂಕರ ಬಡ್ಡಿ ಹಾಕುವ ಸಾಹುಕಾರ. ಜವ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು. ಅದನ್ನು ಮೀರಲು ಬೇಕಾದ ಶಕ್ತಿಯಂತೂ ಎಂಟು ಪಟ್ಟು. 1985ರಲ್ಲಿ ಬಂದ ಯಮಾಹಾ ಆರ್‌ಎಕ್ಸ್ 100 ನೆನಪಿಸಿಕೊಳ್ಳಿ. 11 ಅಶ್ವಶಕ್ತಿ, ಜವ ನೂರರ ಆಸುಪಾಸು. ಅದೇ ಆಕಾರದಲ್ಲಿ ಮುನ್ನೂರು ಮುಟ್ಟಬೇಕಾದರೆ ಮೂರರ ಘನ 27, ಇಪ್ಪತ್ತೇಳು ಹನ್ನೊಂದಲ 297 ಅಶ್ವಶಕ್ತಿ ಬೇಕು. 1999ರಲ್ಲಿ ಸುಝುಕಿಯವರ ಹಯಬುಸಾ ಸುಮಾರು 175ರಲ್ಲೇ ಆ ಗಡಿ ದಾಟಿತು. ಉಳಿದದ್ದನ್ನು ಗೆದ್ದುಕೊಟ್ಟದ್ದು ಆಕಾರ. ಮುಂದೆ ಉಬ್ಬಿದ ಮೂತಿ, ಹಿಂದೆ ಗೂನು. ನೋಡಿದವರು ಮೊದಲು ‘ಇದೆಂಥ ಕುರೂಪ’ ಅನ್ನುವುದುಂಟು. ಸೌಂದರ್ಯದ ತೀರ್ಪನ್ನು ಅಲ್ಲಿ ಕೊಟ್ಟದ್ದು ಕಣ್ಣಲ್ಲ, ಗಾಳಿ.

ಹಯಬುಸಾ ಅಂದರೆ ಜಪಾನಿ ಭಾಷೆಯಲ್ಲಿ ಗಿಡುಗದಂಥ ಒಂದು ಬೇಟೆಹಕ್ಕಿ. ಮೇಲಿನಿಂದ ಎರಗುವಾಗ ಅದರ ಜವವೂ 300 ದಾಟುತ್ತದೆ. ಹೆಸರಿನ ಹಿಂದೆ ಅಂಗಡಿಯವರ ತುಂಟತನ ಉಂಟು. 1990ರಲ್ಲಿ ಕವಾಸಾಕಿಯ ಝಡ್‌ಝಡ್‌ಆರ್ 1100 ಸುಮಾರು 280ರಲ್ಲಿ ರಾಜನಾಗಿತ್ತು. 1996ರಲ್ಲಿ ಹೋಂಡಾದ ‘ಬ್ಲ್ಯಾಕ್‌ಬರ್ಡ್’ ಅದನ್ನು ಕೂದಲೆಳೆಯಲ್ಲಿ ಹಿಂದೆ ಹಾಕಿತು. ಬ್ಲ್ಯಾಕ್‌ಬರ್ಡನ್ನು ತಿನ್ನುವ ಹಕ್ಕಿಯ ಹೆಸರನ್ನೇ ಸುಝುಕಿ ಆರಿಸಿತು! ಪರೀಕ್ಷಕರ ಕೈಯಲ್ಲಿ ಅದು 300 ದಾಟಿ 312ರವರೆಗೂ ಹೋಯಿತು. ಮೀಟರಿನ ಮೇಲೆ ಅಂಕಿಗಳು 350ರವರೆಗೆ. 2004ರ ‘ಧೂಮ್’ ಚಿತ್ರ ಬಂದ ಮೇಲೆ ಮುಂಬಯಿಯ ಹುಡುಗರಿಗೆ ಈ ಹೆಸರು ಕಲಿಸಬೇಕಾದ್ದೇ ಇರಲಿಲ್ಲ.

ಈ ಪೈಪೋಟಿ ಹೀಗೇ ಹೋಗಿದ್ದರೆ ಎಲ್ಲಿಗೆ ಮುಟ್ಟುತ್ತಿತ್ತೋ. ಆದರೆ ಯುರೋಪಿನಲ್ಲಿ ಈ ಜವದ ವಿರುದ್ಧ ಗದ್ದಲ ಎದ್ದಿತು, ಸರಕಾರಗಳು ಕಾನೂನು ತಂದಾವೆಂಬ ಭಯ ಹುಟ್ಟಿತು. ಆಗ ದೊಡ್ಡ ಕಂಪನಿಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡವು. 2000ದ ಹೊತ್ತಿಗೆ ರಸ್ತೆಯ ಗಾಡಿಗಳು 300ರ ಹೊಸ್ತಿಲಲ್ಲಿ ನಿಂತುಬಿಟ್ಟವು. ಕಾನೂನಿಲ್ಲ, ಕರಾರುಪತ್ರ ಇಲ್ಲ. ‘ಸಜ್ಜನರ ಒಪ್ಪಂದ’ ಅಂತ ಹೆಸರು. ಮೀಟರಿನಲ್ಲಿ 300ರ ಆಚೆಯ ಅಂಕಿಗಳು ಮಾಯವಾದವು. ಯಂತ್ರಕ್ಕೆ ಶಕ್ತಿ ಇದ್ದರೂ 299ಕ್ಕೆ ಒಳಗಿನ ಇಲೆಕ್ಟ್ರಾನಿಕ್ ಪೆಟ್ಟಿಗೆ ‘ಸಾಕು’ ಅನ್ನುತ್ತದೆ. ಇಟಲಿಯ ಎಂವಿ ಅಗುಸ್ತಾ ಮಾತ್ರ 2007ರಲ್ಲಿ ಗಾಡಿಯ ಹೆಸರಿನಲ್ಲೇ 312 ಎಂದು ಬರೆದುಕೊಂಡು ಬಂತು. 300ಕ್ಕಿಂತ ನೂರಕ್ಕೆ ನಾಲ್ಕು ಹೆಚ್ಚು ಜವ, ಅದಕ್ಕೆ ನೂರಕ್ಕೆ ಹನ್ನೆರಡೂವರೆ ಹೆಚ್ಚು ಶಕ್ತಿ. ವ್ಯಾಪಾರದ ದೃಷ್ಟಿಯಿಂದ ನಷ್ಟದ ಬಾಬತ್ತು, ಜಾಹೀರಾತಿನ ದೃಷ್ಟಿಯಿಂದ ಲಾಭ. 2016ರಲ್ಲಿ ತುರ್ಕಿಯ ಕೆನಾನ್ ಸೊಫುವೊಲು ಹೊಸ ಸೇತುವೆಯೊಂದರ ಮೇಲೆ ಕವಾಸಾಕಿ ಎಚ್2ಆರ್ ಓಡಿಸಿ 26 ಸೆಕೆಂಡಿನಲ್ಲಿ 400 ಮುಟ್ಟಿದ. ಅದು ರಸ್ತೆಗೆ ಬಿಡದ ಗಾಡಿ, ಸೇತುವೆಯನ್ನೂ ಆ ದಿನ ಅವನೊಬ್ಬನಿಗೇ ಬಿಟ್ಟುಕೊಟ್ಟಿದ್ದರು.

ಮುನ್ನೂರು ಅಂದರೆ ಸೆಕೆಂಡಿಗೆ 83 ಮೀಟರು. ಹನ್ನೆರಡು ಡಬ್ಬಿಯ ಲೋಕಲ್ ಗಾಡಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು ಮೂರು ಸೆಕೆಂಡು. 2018ರ ಕೇಂದ್ರದ ಅಧಿಸೂಚನೆಯಲ್ಲಿ ಹೆದ್ದಾರಿಯ ಮೇಲೆ ದ್ವಿಚಕ್ರಕ್ಕೆ ಕೊಟ್ಟ ಮಿತಿ 80. ನಮ್ಮ ಮುಂಬಯಿ-ಪುಣೆ ಎಕ್ಸ್‌ಪ್ರೆಸ್ ರಸ್ತೆಗಂತೂ ದ್ವಿಚಕ್ರಕ್ಕೆ ಪ್ರವೇಶವೇ ಇಲ್ಲ. ಹಾಗಾದರೆ ಗಿರಾಕಿ ಕೊಳ್ಳುವುದೇನು? ಜವವನ್ನಲ್ಲ, ಅಂಕಿಯನ್ನು. ಕಪಾಟಿನಲ್ಲಿಟ್ಟ ಬಂಗಾರದ ಹಾಗೆ, ಇದೆ ಅನ್ನುವ ಸಮಾಧಾನಕ್ಕೆ.

ಹೀಗಂದುಕೊಂಡು ನಿಶ್ಚಿಂತೆಯಿಂದ ಇದ್ದೆ. ಕಳೆದ ಮಳೆಗಾಲದ ಕೊನೆಗೆ ಒಬ್ಬ ಗಿರಾಕಿ ಬಂದ. ನನಗಿಂತ ಮೂರು ನಾಲ್ಕು ವರ್ಷ ದೊಡ್ಡವನಿರಬಹುದು. ಚೈನು ಬಿಗಿ ಮಾಡಿಸಿ, ಹೊಸ ಟಯರಿಗೆ ಹೇಳಿ, ಆಮೇಲೆ ಮೆಲ್ಲಗೆ 299ರ ಆ ತಡೆಯನ್ನು ತೆಗೆಸಬೇಕು ಅಂದ. ಎಷ್ಟಾದರೂ ಕೊಡುತ್ತೇನೆ, ಬಿಲ್ಲು ಬೇಡ. ಬೆಳಗಿನ ಜಾವ ಹೆದ್ದಾರಿಯಲ್ಲಿ ಮೀಟರಿನ ವಿಡಿಯೋ ತೆಗೆಯಬೇಕು, ಗೆಳೆಯರಿಗೆ ತೋರಿಸಬೇಕು. ಬೇರೆ ಗ್ಯಾರೇಜಿನವರು ಅರ್ಧ ದಿನದಲ್ಲಿ ಮಾಡಿಕೊಡುತ್ತಾರಂತೆ.

ಆ ತಿಂಗಳು ಗ್ಯಾರೇಜಿನ ಬಾಡಿಗೆ ಬಾಕಿ ಇತ್ತು. ನನ್ನ ಸಂಬಳವೂ ಬಾಕಿ ಇತ್ತು. ಪುಸ್ತಕ ನನ್ನ ಕೈಯಲ್ಲೇ ಇದ್ದುದರಿಂದ ಎರಡೂ ನನಗೆ ಬಾಯಿಪಾಠ. ನಿಜ ಹೇಳಬೇಕೆಂದರೆ ಧಣಿಗಳು ‘ಆಯ್ತು’ ಅನ್ನಲಿ ಎಂದು ನನ್ನ ಮನಸ್ಸಿನ ಅರ್ಧ ಭಾಗ ಕಾಯುತ್ತಿತ್ತು. ಅವರು ಕೈಯ ಗ್ರೀಸು ಒರೆಸಿಕೊಂಡು ಅವನಿಗೆ ಹಿಂದಿಯಲ್ಲಿ ‘ಆಗುವುದಿಲ್ಲ’ ಅಂದರು, ಅಷ್ಟೇ. ಅವನು ಹೊರಟ ಮೇಲೆ ನಾನು ಕೇಳಿದೆ, “ಯಾಕೆ ಧಣಿ, ನಿಮಗೆ ಬರುವುದಿಲ್ಲವಾ?”

“ಬರ್ತದೆ. ಎರಡು ಗಂಟೆ ಕೆಲಸ.”

“ಮತ್ತೆ?”

“ನಾಳೆ ಹೆಚ್ಚುಕಮ್ಮಿ ಆದ್ರೆ ಅವನ ಅಮ್ಮ ಜಪಾನಿಗೆ ಹೋಗ್ತಾಳಾ ಮಾಣಿ? ಇಲ್ಲಿಗೇ ಬರ್ತಾಳೆ. ಎಂತ ಪೆನ್ನು ಹಿಡ್ಕೊಂಡು ಕೂತಿದ್ದಿ? ಚೈನಿಂದು ಬರಿ.”

ಚೈನಿನದ್ದು ಬರೆದೆ.

ಮರುವಾರ ತರಗತಿಯಲ್ಲಿ 2002ರ ಸ್ಪರ್ಧಾ ಕಾಯಿದೆ ನಡೆಯುತ್ತಿತ್ತು. ಅದರ 3ನೆಯ ಕಲಮಿನಲ್ಲಿ, ಪ್ರತಿಸ್ಪರ್ಧಿಗಳು ಕೂಡಿಕೊಂಡು ತಾಂತ್ರಿಕ ಬೆಳವಣಿಗೆಗೆ ಮಿತಿ ಹಾಕಿದರೆ ಅದೂ ಕೆಟ್ಟ ಒಪ್ಪಂದವೇ ಎಂದಿದೆ. ಬರವಣಿಗೆಯಲ್ಲಿ ಇರಬೇಕೆಂದೂ ಇಲ್ಲ. ನಾನು ಎದ್ದು ನಿಂತು, ಈ 299ರ ಒಪ್ಪಂದ ಅದರೊಳಗೆ ಬರುತ್ತದೆಯೇ ಎಂದು ಕೇಳಿದೆ. ಅದು ನಡೆದದ್ದು ನಮ್ಮ ಕಾಯಿದೆಗೂ ಮೊದಲು, ನಮ್ಮ ದೇಶದ ಹೊರಗೆ; ಆದರೂ ಉದಾಹರಣೆಗೆ ಆಗಬಹುದಲ್ಲ ಅಂತ. ಹಿಂದಿನ ಬೆಂಚಿನವರು ನಕ್ಕರು. ಪ್ರೊಫೆಸರರು ನಗಲಿಲ್ಲ. “ಗ್ರಾಹಕನಿಗೆ ಹಾನಿಯೋ ಹಿತವೋ ಅಂತ ಮೊದಲು ನೋಡಬೇಕು. ಇಲ್ಲಿ ಗ್ರಾಹಕ ಯಾರು, ಗಾಡಿ ಕೊಂಡವನೋ, ರಸ್ತೆ ದಾಟುವವನೋ?” ಅಂದರು. ಅಷ್ಟರಲ್ಲಿ ಗಂಟೆ ಬಾರಿಸಿತು.

ಆ ಗಿರಾಕಿ ಮತ್ತೆ ಬರಲಿಲ್ಲ. ಬೇರೆ ಕಡೆ ತಡೆ ತೆಗೆಸಿಕೊಂಡನೋ, ಓಡಿಸಿದನೋ, ಸುದ್ದಿಯಿಲ್ಲ. ಅವನಿಗೆಂದು ತರಿಸಿದ ಟಯರು ಇನ್ನೂ ರೋಲಿ ಫ್ರೀಯ ಚಿತ್ರದ ಕೆಳಗೆ ಗೋಡೆಗೆ ಒರಗಿ ನಿಂತಿದೆ. ಮಾರ್ಚಿಯ ದಾಸ್ತಾನಿನಲ್ಲಿ ಅದನ್ನು ಕೊಂಡ ಬೆಲೆಗೆ ತೋರಿಸಲೋ, ಮಾರಿದರೆ ಬರುವ ಬೆಲೆಗೋ ಎಂದು ಧಣಿಗಳನ್ನು ಕೇಳಬೇಕಾಗಿದೆ.