ಗುಜರಿಗೆ ಹಾಕಿದ ಟಿವಿ ಹಳ್ಳದಲ್ಲಿ ಸಿಕ್ಕಿತು

ಮಳೆ ಹಿಡಿದ ವಾರದಲ್ಲೇ ನಮ್ಮ ಮನೆಯ ಫ್ರಿಡ್ಜ್ ನಿಂತುಹೋಯಿತು. ರಾತ್ರಿಯಿಡೀ ಗುಡುಗು. ಕರೆಂಟು ಹೋಗಿ ಬಂದು, ಹೋಗಿ ಬಂದು, ಬೆಳಿಗ್ಗೆ ನೋಡಿದರೆ ಒಳಗಿನ ಲೈಟು ಉರಿಯುತ್ತದೆ, ತಂಪು ಮಾತ್ರ ಇಲ್ಲ. 1035 ಮೆಗಾವಾಟ್‌ನ ಶರಾವತಿ ವಿದ್ಯುದಾಗಾರ ಕಾರ್ಗಲ್ ಪಕ್ಕದಲ್ಲೇ ಇದೆ. ಆದರೂ ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕಥೆ ಏನೆಂದು ಇಲ್ಲಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆ ಫ್ರಿಡ್ಜ್ ನಾವು ಹೊಸದಾಗಿ ಕೊಂಡಿದ್ದಲ್ಲ. ಕಾಲೋನಿಯಲ್ಲಿದ್ದ ಒಂದು ಮನೆಯವರಿಗೆ ವರ್ಗವಾದಾಗ ಅವರಿಂದ ತಂದದ್ದು. ಊರಿನವರು ಹೀಗೆ ತಂದದ್ದಕ್ಕೆ 'ಕಾಲೋನಿ ಸಾಮಾನು' ಅನ್ನುತ್ತಿದ್ದರು. ಮಂಚ, ಬೀರು, ಗ್ರೈಂಡರ್, ಎಲ್ಲ. ಕೊಡುವವರ ಮುಖ ಗೊತ್ತಿತ್ತು, ಅವರ ಅಡುಗೆಮನೆ ನೋಡಿದ್ದೆವು. ಹಾಗಾಗಿ ಹಳೆಯದು ಅಂತ ಯಾರೂ ಮೂಗು ಮುರಿಯಲಿಲ್ಲ. ಅಮ್ಮ ಮಾತ್ರ ಒಂದು ಮಾತು ಕೇಳಿದ್ದರು: "ಅದ್ರಲ್ಲಿ ಮೀನು-ಮಾಂಸ ಇಡ್ತಿದ್ರಾ ಅವ್ರು?" ಸೆಕೆಂಡ್ ಹ್ಯಾಂಡ್ ಫ್ರಿಡ್ಜ್ ಎಂದರೆ ಎಷ್ಟೋ ಮನೆಗಳಲ್ಲಿ ಮೊದಲು ಬರುವ ಪ್ರಶ್ನೆ ಇದೇ. ಬೆಲೆಯದ್ದು ಆಮೇಲೆ.

ಸರ್ವೀಸಿನವರು ಬಂದರು. ಹಿಂಬದಿಗೆ ಕೈ ಹಾಕಿ ನೋಡಿ, "ಕಂಪ್ರೆಸರ್ ಹೋಗಿದೆ. ಗ್ಯಾಸ್ ಸೇರಿ 7,000 ದಾಟುತ್ತೆ. ಇಷ್ಟು ಹಳೇದಕ್ಕೆ ದುಡ್ಡು ಸುರಿಯೋದು ಬೇಡ" ಎಂದರು. ಸಾಗರದ ಒಂದು ಅಂಗಡಿಯಲ್ಲಿ ವಿಚಾರಿಸಿದರೆ ಎಕ್ಸ್‌ಚೇಂಜಿಗೆ 1,500 ರೂಪಾಯಿ, ಉಳಿದದ್ದು ಇಎಂಐ. "ಹಳೇ ಫ್ರಿಡ್ಜ್ ತಗೊಂಡು ಏನು ಮಾಡ್ತೀರಿ?" ಎಂದು ಕೇಳಿದೆವು. ಅಂಗಡಿಯ ಹುಡುಗ ನಕ್ಕ. "ಗಾಡಿ ಬರ್ತದೆ ಸಾರ್, ಒಯ್ತಾರೆ." ಎಲ್ಲಿಗೆ ಅನ್ನುವುದು ಅವನಿಗೂ ಗೊತ್ತಿರಲಿಲ್ಲ.

ಸುದ್ದಿ ಕಳಿಸಿ ಸಿಗುವ ದುಡ್ಡಿನಲ್ಲಿ ಇನ್ನೊಂದು ಕಂತು ಕಟ್ಟುವುದು ಹುಡುಗಾಟದ ಮಾತಲ್ಲ. ಅಮ್ಮನೇ ತಾಳಗುಪ್ಪ ಕಡೆಯ ಹಳೆಯ ಮೆಕ್ಯಾನಿಕ್‌ಗೆ ಫೋನ್ ಮಾಡಿಸಿದರು. ಅರವತ್ತು ದಾಟಿದವರು, ಟಿವಿಎಸ್‌ನಲ್ಲಿ ಬಂದರು. ಕಂಪ್ರೆಸರ್ ಪಕ್ಕದ ಸಣ್ಣ ಡಬ್ಬಿ ಬಿಚ್ಚಿ, ಕಪ್ಪಾಗಿದ್ದ ರಿಲೇಯನ್ನು ಅಂಗೈ ಮೇಲಿಟ್ಟು ತೋರಿಸಿದರು. "ಕಂಪ್ರೆಸರ್ ಹೋಗಿಲ್ಲ ಮಾರಾಯ್ರೆ, ಇದು ಸುಟ್ಟಿದೆ ಅಷ್ಟೆ." ಸಾಮಾನು, ಕೂಲಿ ಸೇರಿ 450 ರೂಪಾಯಿ. ಸಂಜೆಯೊಳಗೆ ಐಸು ಕಟ್ಟಿತು.

ಇಲ್ಲಿಗೇ ನಿಲ್ಲಿಸಿದರೆ ನಾವು ಬಹಳ ಬುದ್ಧಿವಂತರು ಅನಿಸಬಹುದು. ಉಳಿದದ್ದನ್ನೂ ಹೇಳಬೇಕು.

ಅದೇ ವರ್ಷ ತಂಗಿಯ ಮದುವೆ. ವಾಷಿಂಗ್ ಮಷಿನ್ ಕೊಡುವುದೆಂದು ಮಾತಾಗಿತ್ತು. ಕಂಪನಿಯವರೇ ರಿಪೇರಿ ಮಾಡಿಸಿ, 6 ತಿಂಗಳ ವಾರಂಟಿ ಕೊಟ್ಟು ಮಾರುವ ಮಷಿನ್ ಅರ್ಧ ಬೆಲೆಗೆ ಸಿಗುತ್ತಿತ್ತು. ನಾವು ಅದರ ಫೋಟೋ ನೋಡಿ ಮೊಬೈಲ್ ಕೆಳಗಿಟ್ಟೆವು. ಬೀಗರ ಮನೆಗೆ ಯಾರೋ ಬಟ್ಟೆ ಒಗೆದ ಮಷಿನ್ ಕಳಿಸುವುದು ಹೇಗೆ? ಸಾಲ ಮಾಡಿ ಹೊಸದನ್ನೇ ಕೊಟ್ಟೆವು. ಸರ್ಕ್ಯುಲರ್ ಎಕಾನಮಿ, ಅಂದರೆ ವಸ್ತುವನ್ನು ಎಸೆಯದೆ ರಿಪೇರಿ ಮಾಡಿ, ಮತ್ತೆ ಬಳಸಿ, ಕೊನೆಗೆ ಕರಗಿಸಿ ಹೊಸದು ಮಾಡುವುದು ಎಂದು ಶಿವಮೊಗ್ಗದ ಒಂದು ಕಾರ್ಯಕ್ರಮದಲ್ಲಿ ಕೇಳಿ ವರದಿ ಬರೆದವರೂ ನಾವೇ. ನಮ್ಮ ಅಜ್ಜಿ ಹಿತ್ತಾಳೆ ಪಾತ್ರೆಗೆ ವರ್ಷವರ್ಷ ಕಲಾಯಿ ಹಾಕಿಸುತ್ತಿದ್ದರು, ತೂತು ಬಿದ್ದದ್ದನ್ನು ಹಾಕಿ ಹೊಸದು ತರುತ್ತಿದ್ದರು. ಆಗ ಅದಕ್ಕೆ ಹೆಸರೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ.

ಮದುವೆಗೆ ಮನೆ ಸುಣ್ಣ ಬಳಿಸುವಾಗ ಅಟ್ಟದ ಮೇಲಿದ್ದ ಡಬ್ಬಾ ಟಿವಿಯನ್ನು ಗುಜರಿಯವರಿಗೆ ಕೊಟ್ಟೆವು. 100 ರೂಪಾಯಿ ಬಂತು. ಜಾಗ ಖಾಲಿಯಾಯಿತೆಂದು ಖುಷಿಯೂ ಆಯಿತು. ತಿಂಗಳ ಮೇಲೆ, ರಸ್ತೆಗೆ ಮರ ಬಿದ್ದ ಸುದ್ದಿಗೆ ಹೋದಾಗ, ಹಳ್ಳದ ಬದಿಯ ಲಂಟಾನ ಪೊದೆಯಲ್ಲಿ ಒಂದು ಟಿವಿ ಕಂಡಿತು. ಕ್ಯಾಬಿನೆಟ್ ಮೇಲೆ ತಂಗಿ ಚಿಕ್ಕವಳಿದ್ದಾಗ ಅಂಟಿಸಿದ್ದ ಚಿಟ್ಟೆ ಸ್ಟಿಕರ್. ನಮ್ಮದೇ. ಪಿಕ್ಚರ್ ಟ್ಯೂಬಿನ ಕತ್ತಿನಲ್ಲಿದ್ದ ತಾಮ್ರದ ಸುರುಳಿಯನ್ನೂ ಬೋರ್ಡನ್ನೂ ಕಿತ್ತುಕೊಂಡಿದ್ದರು. ಒಡೆದ ಗಾಜು ನೀರಿನಲ್ಲೇ ಬಿದ್ದಿತ್ತು. ಆ ಟ್ಯೂಬಿನ ಹಿಂಭಾಗದ ಗಾಜಿನಲ್ಲಿ ಸೀಸ ಇರುತ್ತದೆ. ದನ ನೀರು ಕುಡಿಯುವ ಹಳ್ಳ ಅದು. ಮರದ ಫೋಟೋ ತೆಗೆದು ಕಳಿಸಿದೆವು. ಟಿವಿಯ ಫೋಟೋ ತೆಗೆಯಲು ಕೈ ಬರಲಿಲ್ಲ.

ಕಾಯಿದೆ ಇಲ್ಲ ಎಂದಲ್ಲ. 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಟಿವಿ, ಫ್ರಿಡ್ಜ್, ವಾಷಿಂಗ್ ಮಷಿನ್ ತಯಾರಿಸುವ ಕಂಪನಿಗಳು ನೋಂದಾಯಿತ ಘಟಕಗಳ ಮೂಲಕ ನಿಗದಿಯಾದಷ್ಟು ಮರುಬಳಕೆ ಮಾಡಿಸಲೇಬೇಕು. ಬಿಡಿಭಾಗ, ರಿಪೇರಿ ಮಾಹಿತಿ ಜನರಿಗೆ ಸಿಗಲೆಂದು 2022ರ ಡಿಸೆಂಬರ್ 24ರಂದು ಕೇಂದ್ರ ಗ್ರಾಹಕ ಇಲಾಖೆ 'ರೈಟ್ ಟು ರಿಪೇರ್' ಪೋರ್ಟಲ್ ತೆರೆಯಿತು. ದೂರು ಹೇಳಲು 1915 ನಂಬರ್ ಇದೆ. ಆದರೆ ನಮ್ಮ ಬಾಗಿಲಿಗೆ ಬರುವುದು ಮೈಕು ಕಟ್ಟಿಕೊಂಡ ಗುಜರಿ ಗಾಡಿ ಮಾತ್ರ. ಅವರನ್ನು ಬೈದು ಪ್ರಯೋಜನವಿಲ್ಲ. ತಾಮ್ರಕ್ಕೆ ದುಡ್ಡು ಸಿಗುತ್ತದೆ, ಆ ಗಾಜಿಗೆ ಯಾರು ಕೊಡುತ್ತಾರೆ?

ಹಳೆಯದನ್ನೇ ಎಳೆಯುವುದು ಯಾವಾಗಲೂ ಸರಿ ಅಂತಲೂ ನಾವು ಹೇಳುವುದಿಲ್ಲ. ಬಾಗಿಲ ರಬ್ಬರ್ ಸಡಿಲವಾದ ಫ್ರಿಡ್ಜ್ ಹಗಲು ರಾತ್ರಿ ಓಡಿ ಕರೆಂಟು ತಿನ್ನುತ್ತದೆ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಬಿಲ್ಲು ಸೊನ್ನೆಯಾದ ಮನೆಗಳಲ್ಲಿ ಮೀಟರ್ ನೋಡುವ ರೂಢಿಯೇ ತಪ್ಪಿದೆ. ನಾವೂ ಮೆಕ್ಯಾನಿಕ್ ಹೇಳಿದ ಮೇಲೇ ಬಾಗಿಲಿಗೆ ಒಂದು ಹಾಳೆ ಸಿಕ್ಕಿಸಿ ಎಳೆದು ನೋಡಿದ್ದು. ಸಲೀಸಾಗಿ ಬಂತು. ರಬ್ಬರ್ ಬದಲಾಯಿಸಲು ಅವರನ್ನೇ ಮತ್ತೆ ಕರೆಸಿದೆವು.

ಕೆಲಸ ಮುಗಿಸಿ ಕಾಫಿ ಕುಡಿಯುತ್ತ ಕುಳಿತರು. ಮಗ ಬೆಂಗಳೂರಿನಲ್ಲಿ ಡೆಲಿವರಿ ಕೆಲಸಕ್ಕೆ ಸೇರಿದ್ದಾನಂತೆ, ಈ ಕೆಲಸ ಕಲಿಯಲಿಲ್ಲವಂತೆ. ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿಯುವಾಗ ಅಮ್ಮನ ಕಡೆ ತಿರುಗಿ ಹೇಳಿದರು:

"ಅಮ್ಮಾ, ಒಂದು ಸ್ಟೆಬಿಲೈಜರ್ ಹಾಕಿಸ್ಕಳಿ. ಮುಂದಿನ ಮಳೆಗಾಲಕ್ಕೆ ಈ ಮೊಣಕಾಲಲ್ಲಿ ಗಾಡಿ ಹೊಡ್ಕಂಡು ಬರ್ತೀನೋ ಇಲ್ವೋ."